ಬಿಸಿಲಿಗಿಟ್ಟ ತಂಪು

ಗುರುವಾರ, ಮಾರ್ಚ್ ೧೪
ಲಸಿಕೆ ಉಗ್ರಾಣ, ಮಧ್ಯಾಹ್ನದ ಬಿಡುವು

ಅಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ಮಾಡುವ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ಹೊಲಿಗೆ ಯಂತ್ರದ ಡ್ರಾಯರಿಗೆ ತಳ್ಳಿಬಿಡೋಣ ಅನ್ನಿಸಿರುತ್ತದೆ ನಿಮಗೆ. ಅನ್ನಿಸಲಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಹ್ಞೂಂ ಹ್ಞೂಂ ಅನ್ನುತ್ತೀರಿ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಈ ಕಾಗದ. ಜಗಳಕ್ಕೆ ಬರೆದದ್ದಲ್ಲ. ನಿಮ್ಮ ತಮ್ಮನ ಮಗಳು ಸಾಸಿವೆಯ ಶಾಲೆಯ ಊಟದ ಡಬ್ಬಿಯ ವಿಷಯ, ಅಷ್ಟೇ. ಅವಳು ನಮ್ಮ ಮನೆ ಬಿಟ್ಟು ನಿಮ್ಮ ಮನೆಗೆ ಬಂದು ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಈ ಹತ್ತೊಂಬತ್ತು ದಿನವೂ ಡಬ್ಬಿ ಕಟ್ಟುತ್ತಿರುವವರು ನೀವು, ಆದ್ದರಿಂದ ನಿಮಗೇ ಹೇಳಬೇಕು.

ಮೊದಲು ನಿಮಗೆ ಒಂದು ಮೆಚ್ಚುಗೆ. ಡಬ್ಬಿಗೆಂದು ನೀವು ಹೊಲಿದುಕೊಟ್ಟಿರುವ ಹೊಸ ಚೀಲವನ್ನು ನಿನ್ನೆ ಶಾಲೆಯ ಗೇಟಿನ ಹತ್ತಿರ ದೂರದಿಂದ ನೋಡಿದೆ. ಒಳಗೆ ಎರಡು ಪದರ ಸ್ಪಂಜು ಕೊಟ್ಟಿದ್ದೀರಿ ಅಂತ ಅದರ ನಿಲುವಿನಲ್ಲೇ ಗೊತ್ತಾಗುತ್ತದೆ. ಅಂಗಡಿಯವರು ದುಬಾರಿ ಬೆಲೆಗೆ ಮಾರುವ ಚೀಲಗಳೆಲ್ಲ ಅದರ ಮುಂದೆ ಕಾಗದದ ಪೊಟ್ಟಣ. ಗೇಟಿನ ಹತ್ತಿರ ಯಾಕೆ ನಿಂತಿದ್ದೆ ಎಂದು ಕೇಳಬೇಡಿ. ಅವಳು ನನ್ನನ್ನು ನೋಡಲಿಲ್ಲ. ಎರಡು ಜಡೆ ಹಾಕಿದ್ದೀರಿ, ನನಗೆ ಎರಡು ಜಡೆ ಎಂದೂ ಸಮ ಬರುತ್ತಿರಲಿಲ್ಲ. ನೋಡಿ ಹೊಟ್ಟೆಯುರಿ ಆಯಿತು. ಆದದ್ದನ್ನು ಆಗಿಲ್ಲ ಎಂದು ಯಾಕೆ ಹೇಳಲಿ?

ಈಗ ಡಬ್ಬಿ. ಬಿಸಿಲು ಏರುತ್ತಿದೆ. ಅವಳು ಮನೆ ಬಿಡುವುದು ಎಂಟಕ್ಕೆ, ಊಟದ ಗಂಟೆ ಹೊಡೆಯುವುದು ಹನ್ನೆರಡೂವರೆಗೆ. ನಡುವೆ ಚೀಲಗಳೆಲ್ಲ ತರಗತಿಯ ಹೊರಗಿನ ಮೊಳೆಗಳಲ್ಲಿ ನೇತಾಡುತ್ತವೆ, ಹತ್ತರ ಮೇಲೆ ಆ ಗೋಡೆಗೆ ನೇರ ಬಿಸಿಲು. ಬಿಸಿ ಅಡುಗೆಯನ್ನು ಡಬ್ಬಿಗೆ ಹಾಕಿ ಕೂಡಲೇ ಮುಚ್ಚಬೇಡಿ. ಮುಚ್ಚಳದ ಒಳಗೆ ಕೂತ ಹಬೆ ನೀರಾಗಿ ಮತ್ತೆ ಅನ್ನದ ಮೇಲೇ ಬೀಳುತ್ತದೆ, ಹುಳಿವಾಸನೆ ಅಲ್ಲಿಂದಲೇ ಶುರು. ತಟ್ಟೆಯಲ್ಲಿ ಹರಡಿ ಆರಿಸಿ. ಖಾಲಿ ಡಬ್ಬಿಯನ್ನು ಹಿಂದಿನ ದಿನವೇ ಫ್ರಿಜ್ಜಿನಲ್ಲಿಡಿ. ಸೌತೆಕಾಯಿ ಹೆಚ್ಚಿದರೆ ಬಟ್ಟೆಯಲ್ಲಿ ಒರೆಸಿ ಹಾಕಿ. ಮೊಟ್ಟೆ, ಕೋಳಿ, ಮೊಸರು ಇವು ಮೂರೂ ತಂಪಿಲ್ಲದೆ ಹೊರಡುವ ಹಾಗೇ ಇಲ್ಲ.

ಇನ್ನು ಐಸ್ ಪ್ಯಾಕು. ಇದು ನನ್ನ ಕಸುಬು, ಸ್ವಲ್ಪ ಜಂಬ ಬಂದರೆ ಕ್ಷಮಿಸಿ. ಫ್ರೀಜರಿನಿಂದ ತೆಗೆದ ಪ್ಯಾಕನ್ನು ನೇರವಾಗಿ ಡಬ್ಬಿಗೆ ಒತ್ತಿ ಇಡಬಾರದು. ಮೇಜಿನ ಮೇಲಿಟ್ಟು ಬೆವರಲು ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸಣ್ಣ ಸದ್ದು ಕೇಳಬೇಕು, ಆಗ ಅದು ಹದಕ್ಕೆ ಬಂದ ಹಾಗೆ. ಉಗ್ರಾಣಕ್ಕೆ ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಇದು: ಲಸಿಕೆಯನ್ನು ಬಿಸಿ ಮಾತ್ರ ಕೆಡಿಸುವುದಿಲ್ಲ, ಅತಿಯಾದ ತಂಪೂ ಕೆಡಿಸುತ್ತದೆ. ಪ್ಯಾಕನ್ನು ಡಬ್ಬಿಯ ಕೆಳಗೆ ಇಡಬೇಡಿ, ಮೇಲೆ ಇಡಿ. ತಂಪು ಇಳಿಯುತ್ತದೆಯೇ ಹೊರತು ಹತ್ತುವುದಿಲ್ಲ.

ಇಷ್ಟನ್ನು ಹೇಳಲು ಕಾಗದ ಬರೆಯಬೇಕಿತ್ತೇ ಎಂದು ನೀವು ಮೂಗು ಮುರಿಯುವುದು ಇಲ್ಲಿಗೇ ಕಾಣಿಸುತ್ತದೆ. ಬರೆಯಬೇಕಿತ್ತು. ನೀವು ಎಷ್ಟು ಚೆನ್ನಾಗಿ ಕಟ್ಟಿದರೂ ಆ ಡಬ್ಬಿ ಊಟದ ಹೊತ್ತಿಗೆ ತಂಪಾಗಿ ಉಳಿಯುವ ಭರವಸೆಯಿಲ್ಲ. ಯಾಕೆಂದು ಹೇಳಬೇಕಾದರೆ ಆಸ್ಪತ್ರೆಯ ಆ ದಿನಕ್ಕೆ ಹಿಂದಿರುಗಬೇಕು. ನಿಮಗೂ ಇಷ್ಟವಿಲ್ಲ, ನನಗೂ ಇಷ್ಟವಿಲ್ಲ.

ಆ ದಿನ ಡಬ್ಬಿಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಬೇಯಿಸಿದ ಕೋಳಿಯ ಚೂರುಗಳಿದ್ದವು. ಎರಡು ಗಂಟೆಗೆ ಶಾಲೆಯಿಂದ ಫೋನ್ ಬಂತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ವಾಂತಿ ಭೇದಿಯಿಂದ ಮಗು ಒಣಗಿದ ಬಟ್ಟೆಯ ಹಾಗೆ ಮಂಚದ ಮೇಲೆ ಬಿದ್ದಿತ್ತು. ತುಟಿ ಬಿಳಿಚಿತ್ತು. ನರ ಸಿಗದೆ ನರ್ಸಮ್ಮ ಮೂರು ಕಡೆ ಚುಚ್ಚಿದರು. ದಿನಕ್ಕೆ ನೂರು ಮಕ್ಕಳಿಗೆ ಸೂಜಿ ಹಾಕುವ ಕಟ್ಟಡದಲ್ಲಿ ಕೆಲಸ ಮಾಡುವ ನಾನು ಗೋಡೆಯ ಕಡೆ ತಿರುಗಿಕೊಂಡೆ. ನೀವು ನನಗಿಂತ ಮೊದಲೇ ಬಂದಿದ್ದಿರಿ. ಶಾಲೆಯವರು ಕಳಿಸಿದ್ದ ಡಬ್ಬಿಯ ಚೀಲವನ್ನು ಮಡಿಲಲ್ಲಿ ತಲೆಕೆಳಗು ಮಾಡಿ ಜಾಡಿಸಿ ನೋಡಿದಿರಿ. ಐಸ್ ಪ್ಯಾಕ್ ಇರಲಿಲ್ಲ. ಡಾಕ್ಟರು ಕೇಳಿದಾಗ ನಾನು ಇಟ್ಟಿದ್ದೆ ಎಂದೆ. ಇಟ್ಟಿದ್ದರೆ ಎಲ್ಲಿ ಎಂದು ನೀವು ಕೇಳಿದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಿಂತಿದ್ದೆ.

ಆಗ ನೀವು ಡಾಕ್ಟರ ಕಡೆ ತಿರುಗಿ ಹೇಳಿದ ಮಾತು ನೆನಪಿದೆ. "ಊರ ಮಕ್ಕಳ ಲಸಿಕೆನೆಲ್ಲ ತಣ್ಣಗೆ ಕಾಯ್ತಾಳೆ ಸಾರ್. ಮನೆ ಮಗುವಿನ ಒಂದು ತುತ್ತು ಕಾಯೋಕೆ ಆಗ್ಲಿಲ್ಲ ಇವಳಿಗೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಗಲಿ ಬಿಡಿ, ಎದೆ ಉರಿದಾಗ ಯಾರು ತೂಕ ಹಾಕಿ ಮಾತಾಡುತ್ತಾರೆ? ಆಮೇಲೆ ನೀವು ಸಾಸಿವೆಯ ಹತ್ತಿರ ಬಗ್ಗಿ ಚೀಲದಲ್ಲಿ ಐಸ್ ಇತ್ತಾ ಪುಟ್ಟ ಎಂದು ಕೇಳಿದಿರಿ. ಅವಳು ನನ್ನ ಮುಖ ನೋಡಿ ಗೊತ್ತಿಲ್ಲ ಅಂದಳು. ಚಿಕ್ಕಮ್ಮನಿಗೆ ಹೆದರಿ ಮಗು ಬಾಯಿ ಬಿಡುತ್ತಿಲ್ಲ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಲಾರಿಯನ್ನು ದಾರಿಯಲ್ಲೇ ಬೇರೆಯವರಿಗೆ ಒಪ್ಪಿಸಿ ಓಡಿ ಬಂದ ನಿಮ್ಮ ತಮ್ಮನೂ ಹಾಗೆಯೇ ಅರ್ಥ ಮಾಡಿಕೊಂಡರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳ ಫ್ರಾಕುಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ತುಂಬಿದರು, ಕೆಲವು ದಿನ ಅಕ್ಕನ ಹತ್ತಿರ ಇರಲಿ ಅಂದರು. ಅವಳ ಹಲ್ಲುಜ್ಜುವ ಬ್ರಶ್ಶನ್ನು ನಾನೇ ತಂದುಕೊಟ್ಟೆ.

ಈಗ ಹೊಸ ವಿಷಯ. ಮೊನ್ನೆ ಮಂಗಳವಾರ ಶಾಲೆಯ ಆಯಾ ತನ್ನ ಮೊಮ್ಮಗಳಿಗೆ ಲಸಿಕೆ ಹಾಕಿಸಲು ನಮ್ಮ ಕೇಂದ್ರಕ್ಕೆ ಬಂದಿದ್ದರು. ನನ್ನನ್ನು ಗುರುತು ಹಿಡಿದು, ಸಾಸಿವೆ ಮನೆಯವರಲ್ವಾ, ನಿಮ್ಮದೊಂದು ವಸ್ತು ನನ್ನ ಹತ್ತಿರ ಉಳಿದಿದೆ ಎಂದರು. ಸಂಜೆ ತಂದುಕೊಟ್ಟರು. ನೀಲಿ ಐಸ್ ಪ್ಯಾಕು. ಮೂಲೆಯಲ್ಲಿ ನಾನೇ ಬರೆದ ಅವಳ ಹೆಸರು. ಆ ದಿನ ಶಾಲೆ ಗುಡಿಸುವಾಗ ತರಗತಿಯ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ, ಅವರಿಗೆ ಅದು ಸಿಕ್ಕಿತ್ತಂತೆ. ಯಾರಾದರೂ ಕೇಳಿದರೆ ಕೊಡೋಣ ಎಂದು ತಮ್ಮ ಕಪಾಟಿನಲ್ಲಿ ಇಟ್ಟಿದ್ದರು. ಯಾರೂ ಕೇಳಲಿಲ್ಲ.

ಅದನ್ನು ಅಲ್ಲಿಟ್ಟವಳು ಸಾಸಿವೆಯೇ ಅಕ್ಕ. ಆ ಒಂದು ದಿನ ಅಲ್ಲ, ಬಹಳ ದಿನಗಳಿಂದ. ಬೆಳಗ್ಗೆ ತರಗತಿಗೆ ಹೋದ ಕೂಡಲೇ ಚೀಲದಿಂದ ಪ್ಯಾಕ್ ತೆಗೆದು ಬಿಸಿಲಿಗೆ ಇಡುತ್ತಾಳೆ, ಮನೆಗೆ ಹೊರಡುವಾಗ ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಸಂಜೆ ಪ್ಯಾಕ್ ಕರಗಿ ನೀರಾಗಿ ಬರುವುದು ಸಹಜ, ಹಾಗಾಗಿ ಮನೆಯಲ್ಲಿ ಯಾರಿಗೂ ಅನುಮಾನ ಬರುವ ಹಾಗಿಲ್ಲ. ನನಗೂ ಮೊನ್ನೆಯವರೆಗೆ ಇದರ ಸುಳಿವೇ ಇರಲಿಲ್ಲ. ಆ ದಿನ ಮಾತ್ರ ವಾಂತಿ ಶುರುವಾಗಿ, ಅದು ಕಿಟಕಿಯಲ್ಲೇ ಉಳಿದುಹೋಯಿತು.

ನಿಮ್ಮ ಚೀಲದಲ್ಲಿ ನೀವು ಇಡುವ ಬಿಳಿ ಪ್ಯಾಕಿಗೂ ಅದೇ ಗತಿ ಆಗುತ್ತಿದೆಯಂತೆ. ಈಗ ಆಯಾ ಕಣ್ಣಿಟ್ಟಿದ್ದಾರೆ. ಅವಳು ಆ ಕಡೆ ಹೋದ ಮೇಲೆ ಸದ್ದಿಲ್ಲದೆ ತೆಗೆದು ಮತ್ತೆ ಚೀಲಕ್ಕೆ ಸೇರಿಸುತ್ತಾರೆ. ಆದರೆ ಬರುವ ಸೋಮವಾರದಿಂದ ಅವರಿಗೆ ಹದಿನೈದು ದಿನ ರಜೆ. ನನ್ನ ಅವಸರ ಇದಕ್ಕೇ.

ಒಂದು ದಿನ ಆಯಾ ಅವಳನ್ನು ಕೂರಿಸಿಕೊಂಡು ಯಾಕೆ ಹೀಗೆ ಮಾಡ್ತೀಯ ಎಂದು ಕೇಳಿದರಂತೆ. ಸಾಸಿವೆ ಸಿಡಿಯುವ ಹಾಗೆ ಮಾತಾಡುವ ಹುಡುಗಿ ಮೊದಲು ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳಂತೆ. ಆಮೇಲೆ ಹೇಳಿದಳಂತೆ, "ಅದು ಇದ್ರೆ ಹೊಟ್ಟೆ ತಣ್ಣಗಾಗತ್ತೆ. ತಣ್ಣಗಾದ್ರೆ ಎದ್ದೇಳೋಕೆ ಆಗಲ್ಲ. ನಮ್ಮಮ್ಮ ಎದ್ದೇಳಲಿಲ್ಲ."

ಇದನ್ನು ಓದಿದ ಮೇಲೆ ನಿಮ್ಮ ಹೊಲಿಗೆ ಯಂತ್ರ ನಿಲ್ಲುತ್ತದೆ ಎಂದು ನನಗೆ ಗೊತ್ತು. ಕೇಳಿದ ದಿನ ನಾನೂ ಉಗ್ರಾಣದ ಬಾಗಿಲು ಹಾಕಿಕೊಂಡಿದ್ದೆ. ನನ್ನ ಮದುವೆಯ ಹೊತ್ತಿಗೆ ಬಟ್ಟೆಯ ಅಳತೆ ತೆಗೆಯುತ್ತಾ ನೀವೇ ಒಮ್ಮೆ ಹೇಳಿದ್ದಿರಿ, ಅವಳ ಅಮ್ಮ ತೀರಿಕೊಂಡ ಬೆಳಗ್ಗೆ ನಾಲ್ಕು ವರ್ಷದ ಮಗು ಎಬ್ಬಿಸಲು ಹೋದಾಗ ಮುಟ್ಟಬೇಡ ಮಗಾ, ಅಮ್ಮನ ಮೈ ತಣ್ಣಗಾಗಿದೆ ಎಂದು ಎತ್ತಿಕೊಂಡೆ ಅಂತ. ಆ ಹೊತ್ತಿನಲ್ಲಿ ಬೇರೆ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ನಿಮ್ಮ ತಪ್ಪಿಲ್ಲ, ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ಮಾಡಿದ್ದು ಕೇಳಿ. ನಮ್ಮ ತಾಯಿ ತಮಗೆ ಒಂದು ಲೋಟ ನೀರು ಕೊಟ್ಟವರಿಗೂ ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದರು. ನನಗೆ ಹರಸಲು ಗೊತ್ತಿರುವುದು ಅದೊಂದೇ ಮಾತು. ಒಂದು ವರ್ಷದಿಂದ ದಿನಾ ಬೆಳಗ್ಗೆ ಡಬ್ಬಿಯ ಚೀಲವನ್ನು ಅವಳ ಹೆಗಲಿಗೆ ಹಾಕಿ, ಐಸ್ ಇಟ್ಟಿದ್ದೀನಿ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ತಲೆ ಸವರಿ ಕಳಿಸುತ್ತಿದ್ದೆ. ದಿನಾ, ಅಕ್ಕ. ಮಗು ಅದನ್ನು ಕೇಳಿಸಿಕೊಂಡು ಬಸ್ಸು ಹತ್ತುತ್ತಿತ್ತು. ನಾನು ಹಾರೈಕೆ ಅಂದುಕೊಂಡದ್ದು ಅವಳ ಕಿವಿಗೆ ಏನಾಗಿ ಬಿದ್ದಿತ್ತೋ! ಐಸ್ ತೆಗೆದಿಟ್ಟದ್ದರಿಂದ ಕಾಯಿಲೆ ಬಂತು ಎಂದು ಅವಳಿಗೆ ಗೊತ್ತಿಲ್ಲ. ಐಸಿನಿಂದಲೇ ಬಂತು, ಆ ದಿನ ಇನ್ನೂ ಬೇಗ ತೆಗೆಯಬೇಕಿತ್ತು ಎಂದು ಅವಳು ತಿಳಿದಿದ್ದಾಳಂತೆ.

ಅವಳನ್ನು ಗದರಿಸಬೇಡಿ. ಒಂದು ಕೆಲಸ ಮಾಡಿ. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಐಸ್ ಪ್ಯಾಕನ್ನು ಅವಳ ಅಂಗೈಗೆ ಕೊಡಿ. ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಲಿ. ಕೈ ತಣ್ಣಗಾಗುತ್ತದೆ, ಅವಳು ಹೆದರುತ್ತಾಳೆ. ಆಗ ಪ್ಯಾಕ್ ತೆಗೆದಿಟ್ಟು ನಿಮ್ಮ ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಳ್ಳಿ. ಬೆಚ್ಚಗಾಗುವುದು ಅವಳಿಗೇ ತಿಳಿಯಲಿ. ಇದು ಬೇರೆ ತಣ್ಣಗೆ, ಅದು ಬೇರೆ ತಣ್ಣಗೆ, ಇದು ವಾಪಸ್ಸು ಬೆಚ್ಚಗಾಗತ್ತೆ ಎಂದು ಹೇಳಿ. ಒಂದು ಸಲಕ್ಕೆ ನಂಬುವುದಿಲ್ಲ, ಹಟಮಾರಿ. ನಾಲ್ಕು ಸಲ ಮಾಡಬೇಕಾಗಬಹುದು. ನಾನೇ ಮಾಡುತ್ತಿದ್ದೆ, ಆದರೆ ಅವಳ ಕೈ ಈಗ ನಿಮ್ಮ ಮನೆಯಲ್ಲಿದೆ.

ಭಾನುವಾರ ನಿಮ್ಮ ತಮ್ಮ ಬರುತ್ತಾರೆ. ಮಗು ಮುಂದೆ ಎಲ್ಲಿ ಬೆಳೆಯಬೇಕು ಎಂದು ಅವತ್ತು ಮೂವರೂ ಕೂತು ತೀರ್ಮಾನ ಮಾಡೋಣ ಅಂದಿದ್ದಾರೆ. ಈ ಕಾಗದವನ್ನು ಅವರಿಗೆ ತೋರಿಸಿ. ಬೇಕಾದರೆ ಆಯಾ ಅವರನ್ನೂ ಕೇಳಲಿ. ನೀಲಿ ಪ್ಯಾಕ್ ನನ್ನ ಮೇಜಿನ ಮೇಲಿದೆ. ನಾನು ಐಸ್ ಇಡುವುದನ್ನು ಮರೆಯಲಿಲ್ಲ, ಅದಕ್ಕೆ ಇಷ್ಟು ಸಾಕ್ಷಿ ಸಾಲದೇ? ಅವಳು ನನ್ನ ಮನೆಗೆ ವಾಪಸ್ಸು ಬರಬೇಕು ಅಕ್ಕ. ಹೆತ್ತಿಲ್ಲ ಎಂಬುದು ನಿಜ. ಬೆಳಗ್ಗೆ ಏಳಕ್ಕೆ ಎದ್ದು ನನ್ನೊಬ್ಬಳಿಗೇ ಎಂದು ಅಡುಗೆ ಮಾಡಲು ಕೈ ಏಳುವುದಿಲ್ಲ ಎಂಬುದೂ ಅಷ್ಟೇ ನಿಜ. ಹತ್ತೊಂಬತ್ತು ದಿನದಿಂದ ನಾನು ಕ್ಯಾಂಟೀನಿನಲ್ಲಿ ತಿನ್ನುತ್ತಿದ್ದೇನೆ.

ಎರಡು ಗಂಟೆಯಾಯಿತು, ಉಷ್ಣಾಂಶ ನೋಡಿ ಬರೆಯುವ ಹೊತ್ತು. ನಿಮ್ಮ ಸೊಂಟ ನೋವು ಹೇಗಿದೆ ಎಂದು ಮೊದಲೇ ಕೇಳಬೇಕಿತ್ತು, ಈಗ ಕೇಳುತ್ತಿದ್ದೇನೆ.

ಡಬ್ಬಿಯ ವಿಷಯದಲ್ಲಾದರೂ ನನ್ನ ಮಾತು ನಡೆಸಿಕೊಡುತ್ತೀರಿ ಎಂದು ನಂಬಿರುವ,
ಸಾಸಿವೆಯ ಚಿಕ್ಕಮ್ಮ

ಮತ್ತೊಂದು ಮಾತು. ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಧೈರ್ಯ ಸಾಲದೆ ಹೋದರೆ ಇದೊಂದನ್ನು ಹರಿದು ಹಾಕಿ ಉಳಿದದ್ದನ್ನು ಕಳಿಸೋಣ ಎಂದೇ ಬೇರೆ ಹಾಳೆ ತೆಗೆದುಕೊಂಡೆ.

ಮೊನ್ನೆಯವರೆಗೆ ಸುಳಿವೇ ಇರಲಿಲ್ಲ ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಅವಳು ಕಾಯಿಲೆ ಬೀಳುವುದಕ್ಕೆ ಹನ್ನೆರಡು ದಿನ ಮುಂಚೆಯೇ ನನಗೆ ಗೊತ್ತಿತ್ತು. ರಜೆಯ ದಿನ ಮೆಟ್ಟಿಲ ಮೇಲೆ ಕೂತು ಅವಳ ಉಗುರು ಕತ್ತರಿಸುತ್ತಿದ್ದೆ. ತಾನಾಗಿಯೇ ಹೇಳಿದಳು, "ಆ ನೀಲೀದನ್ನ ನಾನು ಬಿಸಿಲಿಗೆ ಇಡ್ತೀನಿ. ಯಾರಿಗೂ ಹೇಳ್ಬೇಡ ಅಮ್ಮ."

ಅಲ್ಲಿಯವರೆಗೆ ಅವಳು ನನ್ನನ್ನು ಏನೆಂದೂ ಕರೆದಿರಲಿಲ್ಲ. ನಿಮಗೂ ಗೊತ್ತು. ಬೇಕಾದಾಗ ತೋಳು ಹಿಡಿದು ಜಗ್ಗುತ್ತಿದ್ದಳು, ಅಷ್ಟೇ. ನಾನು ಯಾರಿಗೂ ಹೇಳುವುದಿಲ್ಲ ಎಂದು ಅವಳ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಮನೆಯವರಿಗೆ ನೀನೂ ಹೇಳಬೇಡ ಎಂದು ಅವಳಿಂದಲೂ ಭಾಷೆ ತೆಗೆದುಕೊಂಡೆ. ಯಾಕೆ ಬಿಸಿಲಿಗೆ ಇಡ್ತೀಯ ಎಂದು ಕೇಳಲಿಲ್ಲ. ಕೇಳಿದರೆ, ಬೈದರೆ, ಬೇಡ ಅಂದರೆ ಆ ಒಂದು ಪದ ಮತ್ತೆ ಒಳಗೆ ಹೋಗಿಬಿಡುತ್ತದೆ ಎಂದು ಹೆದರಿದೆ. ಕೇಳಿದ್ದರೆ ಅವತ್ತೇ ಅವಳ ಭಯ ತಿಳಿಯುತ್ತಿತ್ತು.

ಕೆಲವು ದಿನ ಉಪಾಯ ಮಾಡಿದೆ. ಒಣ ಬ್ರೆಡ್ಡು, ಹಣ್ಣು, ಕೆಡದ ವಸ್ತುಗಳನ್ನೇ ಕಟ್ಟಿದೆ. ಆ ದಿನ ಬೆಳಗ್ಗೆ ಅಮ್ಮ, ಕೋಳಿ ಹಾಕು ಅಂದಳು. ಎಂಟರಿಂದ ಹನ್ನೆರಡೂವರೆ, ನಾಲ್ಕೂವರೆ ಗಂಟೆ ಎಂದು ಲೆಕ್ಕವನ್ನೂ ಹಾಕಿದೆ. ಅಷ್ಟು ಹೊತ್ತು ಬಿಸಿಯಲ್ಲಿದ್ದ ಲಸಿಕೆಯ ಡಬ್ಬವನ್ನು ಯಾರಾದರೂ ಉಗ್ರಾಣಕ್ಕೆ ತಂದರೆ ಮುಚ್ಚಳವನ್ನೂ ತೆಗೆಯದೆ ಬದಿಗಿಡುವವಳು ನಾನು. ಗೊತ್ತಿದ್ದೂ ಕಟ್ಟಿಕೊಟ್ಟೆ. ಐಸ್ ಪ್ಯಾಕನ್ನೂ ಇಟ್ಟೆ, ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದೇ ಇಟ್ಟೆ.

ಆಸ್ಪತ್ರೆಯಲ್ಲಿ ಅವಳು ನನ್ನ ಮುಖ ನೋಡಿ ಗೊತ್ತಿಲ್ಲ ಅಂದದ್ದು ಹೆದರಿ ಅಲ್ಲ. ಕೊಟ್ಟ ಭಾಷೆ ಉಳಿಸಿಕೊಂಡಳು. ಕೈಯಲ್ಲಿ ಸೂಜಿ ಇಟ್ಟುಕೊಂಡು ಆರು ವರ್ಷದ ಮಗು ನನ್ನ ಮಾನ ಕಾಯಿತು, ನಾನು ಅದನ್ನು ನೋಡುತ್ತಾ ನಿಂತಿದ್ದೆ. ನೀವು ಹೇಳಿದ ಮಾತು ಸರಿಯಾಗಿಯೇ ಇತ್ತು. ಈಗಲೂ ನಿಮ್ಮ ಮನೆಯಲ್ಲಿ ಆ ಭಾಷೆಯನ್ನು ಅವಳು ಒಬ್ಬಳೇ ಹೊತ್ತುಕೊಂಡು ಓಡಾಡುತ್ತಿದ್ದಾಳೆ.

ಭಾನುವಾರ ಅವರಿಗೆ ಈ ಹಾಳೆಯನ್ನೂ ತೋರಿಸಿ. ನಾನು ಬರುವುದಿಲ್ಲ, ನೀವಿಬ್ಬರೂ ಹೇಳಿದ ಹಾಗೆ ಆಗಲಿ. ಅದಕ್ಕೂ ಮೊದಲು ಅವಳಿಗೆ ಒಂದು ಮಾತು ಹೇಳಬೇಕು: ಆ ಭಾಷೆ ಮುಗಿಯಿತಂತೆ, ಇನ್ನು ಅತ್ತೆಗೆ ಎಲ್ಲ ಹೇಳಬಹುದಂತೆ ಎಂದು. ಯಾರು ಹಾಗಂದರು ಎಂದು ಅವಳು ಕೇಳುತ್ತಾಳೆ. ಆಗ ನನ್ನನ್ನು ಏನೆಂದು ಹೇಳುತ್ತೀರೋ, ಅದು ನಿಮಗೆ ಬಿಟ್ಟದ್ದು.